ಅತ್ತೆಯ ಪಾಲಿನ ಗುಡ್ಡೆ

ಅಪ್ಪನ ರಕ್ತದಲ್ಲಿ ಕೊಬ್ಬು ಜಾಸ್ತಿಯಾಗಿದೆ ಎಂದು ರಾಜಾಜಿನಗರದ ಡಾಕ್ಟರು ಹೇಳಿದ ದಿನ ನನಗೆ ಭಯದ ಜೊತೆಗೆ ಒಂದು ಥರದ ಹುರುಪೂ ಬಂದಿತ್ತು. ಕೊಲೆಸ್ಟರಾಲ್ ಅನ್ನುವ ಪದವನ್ನು ಆಗ ನಮ್ಮ ಲಗ್ಗೆರೆಯಲ್ಲಿ ಎಷ್ಟು ಜನ ಕೇಳಿದ್ದರೋ ಗೊತ್ತಿಲ್ಲ, ನಾನಂತೂ ಕೇಳಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ, ಕೆಲಸ ಪೀಣ್ಯದ ಒಂದು ಶೆಡ್ಡಿನಲ್ಲಿ ರೇಡಿಯೋ ಬೋರ್ಡಿಗೆ ಬೆಸುಗೆ ಹಾಕುವುದು. ಆದರೆ ವಾರಪತ್ರಿಕೆಗಳ ಆರೋಗ್ಯದ ಪುಟ ಒಂದನ್ನೂ ಬಿಡುತ್ತಿರಲಿಲ್ಲ. ಶೆಡ್ಡಿನ ಹುಡುಗಿಯರಿಗೆ ತಲೆನೋವು ಬಂದರೂ ನನ್ನನ್ನೇ ಕೇಳುತ್ತಿದ್ದರು. "ಡಾಕ್ಟ್ರಮ್ಮ" ಅಂತ ಹೆಸರಿಟ್ಟಿದ್ದರು. ಆ ಹೆಸರು ಹೇಗೋ ನಮ್ಮ ಬೀದಿಗೂ ಬಂದು ಸೇರಿತ್ತು.

ಡಾಕ್ಟರು ಅವತ್ತು ಅಪ್ಪನಿಗಿಂತ ನನ್ನ ಕಡೆ ನೋಡಿಯೇ ಹೆಚ್ಚು ಮಾತಾಡಿದರು. "ಮೊದಲು ಊಟದಲ್ಲೇ ಇಳಿಸೋಕೆ ನೋಡೋಣ. ಇಳೀಲಿಲ್ಲ ಅಂದ್ರೆ ಮಾತ್ರೆ ಕೊಡ್ಬೇಕಾಗುತ್ತೆ. ಆ ಮಾತ್ರೆ ಸಲೀಸಲ್ಲಮ್ಮ, ಮೈಯೆಲ್ಲಾ ಉರಿ ಬರುತ್ತೆ."

"ಮಾತ್ರೆ ಬೇಕಾಗೋದಿಲ್ಲ ಸಾರ್," ಅಂದೆ ನಾನು. ಅಷ್ಟು ಧೈರ್ಯ.

ಧೈರ್ಯದ ಕೆಳಗೆ ಭಯ ಇದ್ದೇ ಇತ್ತು. ನಮ್ಮ ದೊಡ್ಡಪ್ಪ ಹಿಂದಿನ ವರ್ಷ ಜಗಲಿಯ ಮೇಲೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಈಗ ಅಪ್ಪನೂ ದಿಣ್ಣೆ ಹತ್ತುವಾಗ ನಡುವೆ ನಿಂತು ಎದೆ ಉಜ್ಜಿಕೊಳ್ಳುತ್ತಿದ್ದ. ನಮ್ಮ ಹೊಲ ಇದ್ದ ಜಾಗದಲ್ಲಿ ಕಾರ್ಖಾನೆಯ ಕಾಂಪೌಂಡು ಎದ್ದಮೇಲೆ ಅವನಿಗೆ ದುಡಿಮೆಯೂ ಇರಲಿಲ್ಲ. ಬಾಡಿಗೆ ಕೊಟ್ಟ ನಾಲ್ಕು ರೂಮಿನ ಮುಂದೆ ಕೂತು ಬೀಡಿ ಸೇದುವುದು, ಮಧ್ಯಾಹ್ನ ಮಲಗುವುದು. ಹೊಟ್ಟೆ ಮಾತ್ರ ಹೊಲ ಉಳುತ್ತಿದ್ದ ಕಾಲದ್ದೇ.

ಅವತ್ತಿಂದ ಅವ್ವನ ಅಡುಗೆಮನೆ ನನ್ನದಾಯಿತು. ತುಪ್ಪದ ಡಬ್ಬಿ ಅಟ್ಟಕ್ಕೆ ಹೋಯಿತು. ಮೊಟ್ಟೆಯಲ್ಲಿ ಬಿಳಿ ಭಾಗ ಮಾತ್ರ. ಮುದ್ದೆ, ಉಪ್ಪೆಸರು, ಹುರುಳಿಕಾಳಿನ ಬಸ್ಸಾರು, ರಾತ್ರಿ ಹಸಿ ಬೆಳ್ಳುಳ್ಳಿ. ಕುರಿಯದಾಗಲಿ ಕೋಳಿಯದಾಗಲಿ, ಬಾಡು ನಮ್ಮ ಮನೆಯ ಹೊಸಿಲು ದಾಟುವ ಹಾಗಿಲ್ಲ. ಅಪ್ಪನ ಮುಂದೆ ನಾವು ತಿಂದರೆ ಅವನಿಗೆ ಆಸೆಯಾಗುತ್ತದಲ್ಲ, ಹಾಗಾಗಿ ನಾನೂ ಬಿಟ್ಟೆ. ಕ್ಯಾಂಟೀನಿನಲ್ಲಿ ಗೆಳತಿಯರು ಮೀನಿನ ಸಾರಿನ ಡಬ್ಬಿ ತೆಗೆದರೆ ನಾನು ಆಚೆ ಬೆಂಚಿಗೆ ಹೋಗುತ್ತಿದ್ದೆ. ಬಾಡೆಂದರೆ ಅಪ್ಪನಿಗಿದ್ದಷ್ಟೇ ಪ್ರಾಣ ನನಗೂ. ಜೊತೆಗೆ ಅಪ್ಪನಿಗೆ ಸಂಜೆ ಸಂಜೆ ವಾಕಿಂಗ್ ಹಚ್ಚಿದೆ. ಅದನ್ನೂ ಒಂದು ಪತ್ರಿಕೆಯಲ್ಲೇ ಓದಿದ್ದು.

"ಕೆಲ್ಸ ಇಲ್ದೆ ಇದ್ರೆ ಯಾರಾನಾ ಸುಮ್ಕೆ ನಡೀತಾರೇನವ್ವ? ನೋಡ್ದೋರು ಏನಂದಾರು?" ಅಂದ ಅಪ್ಪ.

"ಅಂದ್ಕೊಳ್ಲಿ ಬಿಡು. ನಡಿ ನೀನು."

ನಡೆದ. ಒಂದು ದಿನವೂ ತಪ್ಪಿಸಲಿಲ್ಲ. ಭಾನುವಾರವಂತೂ ಮಧ್ಯಾಹ್ನಕ್ಕೇ ಟವಲು ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದ. ನಾನು ಎಷ್ಟು ಜನರ ಹತ್ತಿರ ಹೇಳಿಕೊಂಡಿದ್ದೇನೋ! ನಮ್ಮಪ್ಪನ ಥರ ಪಥ್ಯ ಮಾಡೋರು ಇಲ್ಲ ಅಂತ.

ಸಂಕ್ರಾಂತಿ ಕಳೆದು ಮತ್ತೆ ರಕ್ತ ಕೊಟ್ಟೆವು. ಇಳಿದಿರಲಿಲ್ಲ. "ಪಥ್ಯ ಸರಿಯಾಗಿ ಆಗ್ತಿದೆಯಾ?" ಎಂದು ಡಾಕ್ಟರು ಕೇಳಿದರು. ಅಪ್ಪ ಛಾವಣಿಯ ಫ್ಯಾನು ನೋಡುತ್ತಾ ಕೂತಿದ್ದ. ನಾನೇ ಹೇಳಿದೆ, "ನಾನೇ ಬಡಿಸ್ತೀನಿ ಸಾರ್, ಒಂದು ತೊಟ್ಟು ತುಪ್ಪ ಬೀಳಲ್ಲ." ಹಾಗಾದರೆ ಇದು ಮೈಯ ಗುಣವೇ ಇರಬೇಕು ಎಂದು ಡಾಕ್ಟರು ಮಾತ್ರೆ ಬರೆದರು. ಮುಂದಿನ ಸಲವೂ ಇಳಿಯಲಿಲ್ಲ. ಮಾತ್ರೆ ಹೆಚ್ಚಾಯಿತು.

ಆ ಮಾತ್ರೆಯ ಉರಿ ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನುಂಗಿದ ಸ್ವಲ್ಪ ಹೊತ್ತಿಗೆ ಕಿವಿ ಕೆಂಪಗಾಗುವುದು, ಆಮೇಲೆ ಮುಖ, ಕತ್ತು, ಎದೆ. ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಎನ್ನುತ್ತಿದ್ದ. ಹಿತ್ತಲಿನ ತೊಟ್ಟಿಯ ಪಕ್ಕ ಕೂತು ಚೊಂಬಿನಲ್ಲಿ ನೀರು ಸುರಿದುಕೊಳ್ಳುತ್ತಿದ್ದ. ನಾನು ಬೀಸಣಿಗೆ ಹಿಡಿದು ನಿಲ್ಲುತ್ತಿದ್ದೆ. ಎಲ್ಲಿ ತಪ್ಪುತ್ತಿದೆ? ಎಣ್ಣೆಯಲ್ಲೇ? ಹಾಲಿನಲ್ಲೇ? ಹಾಲನ್ನೂ ನಿಲ್ಲಿಸಿದೆ. ಅವ್ವ ಬಾಗಿಲಿಗೆ ಒರಗಿ ನಮ್ಮಿಬ್ಬರನ್ನೂ ನೋಡುತ್ತಾ ನಿಂತಿರುತ್ತಿದ್ದಳು.

ಯುಗಾದಿ ಬಂತು. ಮಾರನೆಯ ದಿನ ಹೊಸತೊಡಕು. ಅವತ್ತು ನಮ್ಮ ಕಡೆ ಹತ್ತಾರು ಮನೆಯವರು ಸೇರಿ ಮರಿ ತಂದು, ಕುಯ್ದು, ಬಾಳೆಲೆಯ ಮೇಲೆ ಸಮಸಮವಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಮೆತ್ತನೆಯದು, ಮೂಳೆ, ಈಲಿ, ಬೋಟಿ, ಕೊಬ್ಬು, ಎಲ್ಲವೂ ಎಲ್ಲ ಗುಡ್ಡೆಗೂ ಬರಬೇಕು. ತಕ್ಕಡಿ ಇಲ್ಲ, ಕೈ ಅಂದಾಜು. ನಮ್ಮ ಬೀದಿಯಲ್ಲಿ ಆ ಕೈ ಅಪ್ಪನದು. ಅವನು ಹಾಕಿದ ಗುಡ್ಡೆಗೆ ಯಾರೂ ತಕರಾರು ತೆಗೆದದ್ದಿಲ್ಲ.

ಆ ಸಲ ಅಪ್ಪ ತಾನಾಗಿಯೇ ಹೇಳಿದ್ದ. "ಈ ಸಲ ನಮ್ಮನೆಗೆ ಗುಡ್ಡೆ ಬ್ಯಾಡ. ಹಾಕ್ಕೊಟ್ಟು ಬಂದ್ಬುಡ್ತೀನಿ." ನನ್ನ ಕಣ್ಣಲ್ಲಿ ನೀರೇ ಬಂತು. ಅಷ್ಟು ಬಾಡಿನ ಮುಂದೆ ಕೂತು ಬರಿಗೈಯಲ್ಲಿ ಬರುತ್ತಾನಲ್ಲ ಅಂತ ಮಜ್ಜಿಗೆ ಮಾಡಿ, ನೀರು ಬೆರೆಸಿ, ಚೊಂಬು ಹಿಡಿದು ಹೊರಟೆ.

"ನೀನ್ಯಾಕೆ ಓಗೀಯೆ, ಗಂಡಸ್ರು ಕೂತಿರೋ ತಾವ?" ಅಂದಳು ಅವ್ವ. ಎಂದೂ ಹಿಡಿಯದವಳು ನನ್ನ ಕೈ ಹಿಡಿದಳು. ಬಿಡಿಸಿಕೊಂಡು ಹೋದೆ.

ಹುಣಸೆಮರದ ಕೆಳಗೆ ಹಂಚಿಕೆ ಮುಗಿಯುತ್ತಾ ಬಂದಿತ್ತು. ಅಪ್ಪ ಕಾಣಲಿಲ್ಲ, ಕೈ ತೊಳೆಯಲು ಹೋಗಿದ್ದಾನೆ ಅಂದರು. ಒಂದು ಗುಡ್ಡೆ ಮಾತ್ರ ಉಳಿದಿತ್ತು. ದೊಡ್ಡಪ್ಪನ ಮಗ ಅದನ್ನು ಎಲೆಯಲ್ಲಿ ಸುತ್ತುತ್ತಿದ್ದ.

"ಅದ್ಯಾರ್ದಣ್ಣ?"

"ನಿಮ್ಮತ್ತೇದು."

ಅತ್ತೆ ಎಂದರೆ ಅಪ್ಪನ ತಂಗಿ. ಹಿಂದಿನ ಬೀದಿಯಲ್ಲಿ ಒಬ್ಬಳೇ ಇರುವವಳು. ತಿರುಪತಿಗೆ ಹರಕೆ ಹೊತ್ತು ಬಾಡು ಬಿಟ್ಟು ಎಷ್ಟೋ ವರ್ಷವಾಗಿತ್ತು.

"ಅತ್ತೆ ತಿನ್ನಲ್ವಲ್ಲ?"

ಯಾರೋ ಹಿಂದಿನಿಂದ ಕಿಸಕ್ಕೆಂದರು. ಅಣ್ಣ ತಲೆ ಎತ್ತಲಿಲ್ಲ, ಆದರೆ ಅವನ ಭುಜ ನಗುತ್ತಿತ್ತು. "ಅಲ್ಲಾ ಡಾಕ್ಟ್ರಮ್ಮ, ಭಾನ್ವಾರ ಭಾನ್ವಾರ ನಿಮ್ಮಪ್ಪ ಎಲ್ಲಿಗೆ ವಾಕಿಂಗ್ ಓಯ್ತಾನೆ ಅಂದ್ಕಂಡಿದ್ದೆ?"

ಮರದ ಕೆಳಗಿದ್ದವರೆಲ್ಲಾ ನಕ್ಕರು. ಕೆಟ್ಟ ನಗುವಲ್ಲ ಅದು, ಹಬ್ಬದ ನಗು. ಅದಕ್ಕೇ ಇನ್ನೂ ಚುಚ್ಚಿತು. ಇಡೀ ಬೀದಿಗೆ ಗೊತ್ತು. ನಾನು ಬಸ್ಸಾರು ಉಂಡುಕೊಂಡು, ಅಪ್ಪನ ಪಥ್ಯವನ್ನು ಮನೆಮನೆಗೂ ಹೊಗಳಿಕೊಂಡು ಓಡಾಡುವುದನ್ನು ಇವರೆಲ್ಲಾ ನೋಡುತ್ತಿದ್ದರು. ಅವ್ವ ಕೈ ಹಿಡಿದದ್ದು ಆಗ ಅರ್ಥವಾಯಿತು.

ಮಜ್ಜಿಗೆ ಚೊಂಬು ಕೈಯಲ್ಲೇ ಇತ್ತು. ಮನೆಗೆ ಹೋಗಿ ಮಧ್ಯಾಹ್ನದವರೆಗೂ ಕಾದೆ. ಅಪ್ಪ ಟವಲು ಹಾಕಿಕೊಂಡು ಹೊರಟಮೇಲೆ ಹಿಂದೆಯೇ ಹೋದೆ.

ಅತ್ತೆ ಬಾಡನ್ನು ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ. ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ಬೇರೆ ಪಾತ್ರೆಯಲ್ಲಿ, ಸೆರಗು ಮೂಗಿಗೆ ಹಿಡಿದು ತನ್ನ ಅಣ್ಣನಿಗಾಗಿ ಬೇಯಿಸಿದ್ದಳು. ಅಪ್ಪ ಅಲ್ಲೇ ಮಣೆ ಹಾಕಿಕೊಂಡು ಕೂತಿದ್ದ. ಅವನ ಪಾಲಿಗೆ ಅಂತಲೇ ಅಲ್ಲೊಂದು ತಟ್ಟೆ ಇತ್ತು, ಬಳಸಿ ಬಳಸಿ ಅಂಚು ಸೊಟ್ಟಗಾದದ್ದು.

"ಉಪ್ಪು ನೋಡಣ್ಣಯ್ಯ, ನಾನು ಬಾಯಿಗಿಕ್ಕಿಲ್ಲ," ಎನ್ನುತ್ತಿದ್ದಳು ಅತ್ತೆ.

"ಸರ್ಯಾಗದೆ ಕಣ," ಎಂದ ಅಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಬೆಳಗಿನ ಮಾತ್ರೆಯ ಕೆಂಪು ಇನ್ನೂ ಕತ್ತಿನ ಮೇಲೆ ಇತ್ತು.

"ಮಾತ್ರೆ ಯಾಕಪ್ಪ ನುಂಗ್ತಿದ್ದೆ ಮತ್ತೆ?" ಎಷ್ಟೋ ಕೇಳಬೇಕಿತ್ತು, ಬಾಯಿಗೆ ಬಂದದ್ದು ಇದೊಂದೇ. "ಅಷ್ಟು ಉರಿ ತಡ್ಕೊಂಡೆ. ಒಂದ್ ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?"

"ನೀನು ಅಷ್ಟು ಆಸೆಯಿಂದ ಮಾಡ್ತಿದ್ದೆ. ಎಂಗವ್ವ ಯೋಳಾದು?"

"ನಿಮ್ಮಪ್ಪನ್ನ ಬಯ್ಬ್ಯಾಡ ಮಗ," ಅಂದಳು ಅತ್ತೆ. "ತಪ್ಪು ನಂದು. ಇವನು ಸೊರಗಿ ಓದ ಅಂತ ನಾನೇ ಕರ್ದಿದ್ದು."

ನನಗಾಗಿ ಸುಳ್ಳು ಹೇಳಿದರಂತೆ. ನನ್ನ ಮೇಲಿನ ಪ್ರೀತಿಗೆ. ಆ ಪ್ರೀತಿಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ನನಗೆ ಗೊತ್ತಾಗಲಿಲ್ಲ.

ಮುಂದಿನ ವಾರ ಡಾಕ್ಟರ ಹತ್ತಿರ ಹೋಗುವುದಿತ್ತು. ಈಗಲಾದರೂ ಅಪ್ಪ ಬಾಯಿ ಬಿಡುತ್ತಾನೆ ಎಂದು ನಂಬಿದ್ದೆ. ಡಾಕ್ಟರು ಎಂದಿನಂತೆ ಕೇಳಿದರು. ಅಪ್ಪ ನನ್ನ ಮುಖ ಒಂದು ಸಲ ನೋಡಿ, ನನ್ನದೇ ಮಾತು ಹೇಳಿದ. "ಪಥ್ಯ ನಡೀತಾ ಅದೆ ಸಾರ್. ಒಂದ್ ತೊಟ್ಟು ತುಪ್ಪ ಬೀಳಲ್ಲ."

ಮಾತ್ರೆ ಇನ್ನೂ ಹೆಚ್ಚಿಸಲು ಡಾಕ್ಟರು ಪೆನ್ನು ತೆಗೆದರು.

"ಇಲ್ಲ ಸಾರ್," ಅಂದೆ. "ತಿಂತಾರೆ. ವಾರ ವಾರ ತಿಂತಾರೆ. ನನಗೆ ಗೊತ್ತಿರ್ಲಿಲ್ಲ."

ಡಾಕ್ಟರು ಅಪ್ಪನನ್ನು ಮಕ್ಕಳನ್ನು ಬೈದ ಹಾಗೆ ಬೈದರು. ಮಾತ್ರೆ ಇಳಿಸಿದರು. ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲಾ ಕೇಳಿಸಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಜಾಗ ಇದ್ದರೂ ಅಪ್ಪ ಮುಂದೆ ಹೋಗಿ ನಿಂತ. ಇಳಿದಮೇಲೆ ಒಂದೇ ಮಾತು ಆಡಿದ. "ಊರವರ ಮುಂದೆ ಬುಟ್ಕೊಟ್ಬುಟ್ಟೆ ಕಣವ್ವ ನೀನು." ಹುಣಸೆಮರದ ಕೆಳಗೆ ಎಲ್ಲರೂ ನಕ್ಕಾಗಿನಿಂದ ನಾನು ಅವನಿಗೆ ಹೇಳಬೇಕೆಂದಿದ್ದ ಮಾತನ್ನೇ ಅವನು ನನಗೆ ಆಡಿದ.

ಈಗ ತಿಂಗಳಿಗೊಮ್ಮೆ ಮನೆಯಲ್ಲೇ ಬಾಡು. ಕೊಬ್ಬು ಕಿತ್ತು ನಾನೇ ಮಾಡುತ್ತೇನೆ. ಅಪ್ಪ ಉಪ್ಪಿನ ಬಗ್ಗೆ ಏನೂ ಹೇಳುವುದಿಲ್ಲ. ಒಂದೊಂದು ತುಂಡಿಗೂ ನನ್ನ ಮುಖ ನೋಡಿಕೊಂಡು ತಿಂದು ಏಳುತ್ತಾನೆ. ಕೊಬ್ಬು ಸ್ವಲ್ಪ ಇಳಿದಿದೆಯಂತೆ, ಮೊನ್ನೆ ಡಾಕ್ಟರು ಹೇಳಿದರು. ಖುಷಿಪಡಬೇಕಿತ್ತು.

ಸಂಜೆ ವಾಕಿಂಗ್ ಇನ್ನೂ ನಡೆದಿದೆ. ಅಪ್ಪ ತಿರುಗಿ ಬಂದಾಗ ಕೈಕಾಲಿಗೆ ನೀರು ಹಾಕುತ್ತೇನೆ. ಹಾಕುವಾಗ, ಬೇಡವೆಂದರೂ, ನನ್ನ ಮೂಗು ಅವನ ಕೈಯಲ್ಲಿ ಮಸಾಲೆಯ ವಾಸನೆ ಹುಡುಕುತ್ತದೆ. ಅವನಿಗೂ ಅದು ಗೊತ್ತು. ಒಂದು ಗಳಿಗೆ ಕೈ ಚಾಚಿಕೊಂಡೇ ನಿಲ್ಲುತ್ತಾನೆ, ಆಮೇಲೆ ಟವಲಿಗೆ ಒರೆಸಿಕೊಂಡು ಒಳಗೆ ಹೋಗುತ್ತಾನೆ.