ಕೈ ಹಸಿ, ಸರ ಡಬ್ಬಿಯಲ್ಲಿ

ನಾಸಿಕದಿಂದ ಸಂಭಾಜಿನಗರಕ್ಕೆ ನನ್ನ ಜೀಪಿನಲ್ಲಿ ಗಂಡಿನ ಕಡೆಯ ಹೆಂಗಸರನ್ನು ಒಯ್ದಿದ್ದೆ. ದಾರಿಯಲ್ಲೇ ಎಲ್ಲರೂ ಮೆಹಂದಿ ಹಚ್ಚಿಕೊಂಡರು. ಹೆಣ್ಣಿನವರು ಆರತಿ ಹಿಡಿದು ಬಾಗಿಲಿಗೆ ಬಂದಾಗ ಜೀಪಿನಲ್ಲೇ ಕೂತಿದ್ದ ಇವರ ಕೈ ಇನ್ನೂ ಹಸಿ, ಸರಗಳೆಲ್ಲ ಡಬ್ಬಿಯಲ್ಲಿ.

"ತಮ್ಮಾ, ನೀನೇ ಹಾಕು," ಅಂದಳು ಗಂಡಿನ ಅಜ್ಜಿ.

"ಹೆಂಡತಿ ಸತ್ತಾವ ನಾನು. ಶುಭಕಾರ್ಯ, ಬ್ಯಾಡ್ರಿ."

"ಕೈ ಸತ್ತಿಲ್ಲಲ್ಲಾ? ಹಾಕು!"

ತಿರುಪು, ಕೊಕ್ಕೆ, ದಾರದ ಜಾರುಗಂಟು, ಎಲ್ಲ ಹಾಕಿದೆ. ಮನೆಯಲ್ಲಿ ನಾನೇ ಹಾಕುತ್ತಿದ್ದೆ. ಕೊನೆಗೆ ಅಜ್ಜಿಯ ಸರದ ಕೊಕ್ಕೆ ಸಿಕ್ಕಿಸಿ, ಜಗ್ಗಿ ನೋಡಿ, "ಗಟ್ಟಿ ಆತೇನ ಶಾಂತಾ?" ಅಂದುಬಿಟ್ಟೆ. ಅದು ನನ್ನ ಹೆಂಡತಿಯ ಹೆಸರು.

ಅಜ್ಜಿ ನಾಚಿದಂತೆ ತಲೆ ಬಗ್ಗಿಸಿ, "ಹೂಂನ್ರಿ, ಆತ್ರಿ," ಅಂದಳು. ಜೀಪು ಅಲ್ಲಾಡುವಷ್ಟು ನಕ್ಕರು. ನಾನೂ ನಕ್ಕೆ. ಹೆಂಡತಿ ಹೋದಮೇಲೆ ಇದೇ ಮೊದಲು.

ಶಾಂತಾ ಒಮ್ಮೆಯೂ ಅಷ್ಟು ಮೆತ್ತಗೆ ಹೇಳಿರಲಿಲ್ಲ. "ಕುತ್ತಿಗಿ ಹಿಚುಕ್ತೀರೇನ್ರಿ?" ಅಂತಿದ್ದಳು.