ಶಾಂತರಾಜುವಿನ ತೇಪೆ

ಹೊಳೆದಂಡೆಯ ಊರು ಮರಕ್ಕಡವಿನ ಶಾಂತರಾಜು ತುಕ್ಕು ಕಂಡರೆ ಸುಮ್ಮನಿರುವ ಆಸಾಮಿಯಲ್ಲ. ಮದುವೆಮನೆಗೆ ಹೋದರೂ ಅಂಗಳದ ಜೀಪುಗಳನ್ನೆಲ್ಲ ಬೆರಳಿನಿಂದ ತಟ್ಟಿ ನೋಡಿ, "ನಾಳೆ ಮನೆ ಹತ್ರ ತನ್ನಿ" ಅಂದ ಮೇಲೆಯೇ ಊಟಕ್ಕೆ ಕೂರುತ್ತಾನೆ. ಕಡವಿನ ಹಳೇ ಜೀಪುಗಳಲ್ಲಿ ಈಗ ಉಳಿದಿರುವುದು ಮೂರು; ಮೂರಕ್ಕೂ ಅವನದೇ ತೇಪೆ. ಮನೆಯ ಹಿಂದಿನ ಹಲಸಿನ ಮರದಡಿ, ತುರಿಕೆಯಾಗದಿರಲೆಂದು ಕೈಗೆಲ್ಲ ಪೌಡರು ಬಳಿದುಕೊಂಡು, ಗಾಜಿನೆಳೆಯ ಫೈಬರ್ ಬಟ್ಟೆಯನ್ನು ಹೆಂಡತಿ ಲತಾಮಣಿಯ ಕತ್ತರಿಯಲ್ಲೇ ಕತ್ತರಿಸಿ, ತೆಂಗಿನ ಚಿಪ್ಪಿನಲ್ಲಿ ಎಪಾಕ್ಸಿ ಅಂಟು ಕಲಸುತ್ತಾನೆ. ಆಗ ಬೇಲಿಯಾಚೆ ಆನೆ ಬಂದು ನಿಂತರೂ, "ಗಟ್ಟಿಯಾಗಿಬಿಡುತ್ತೆ, ಸ್ವಲ್ಪ ಇರಪ್ಪ" ಎನ್ನುವವನೇ. ಹೋದ ವರ್ಷ ಅದೇ ಊರಿನ ಕಾರ್ತ್ಯಾಯಿನಿ ತನ್ನ ಜೀಪನ್ನು ತೇಪೆಗೆಂದು ಅವನಲ್ಲಿಗೆ ತರಿಸಿದಳು. ತೀರಿಕೊಂಡ ಅವಳ ಗಂಡ ಮಾದನ್ ಇಪ್ಪತ್ತು ವರ್ಷ ಅದರಲ್ಲೇ ಕಡವಿನಿಂದ ಪುಲ್ಪಳ್ಳಿ ಪೇಟೆಗೆ ಜನರನ್ನು ಸಾಗಿಸಿದ್ದ. ಶಾಂತರಾಜು ಬಾಗಿಲಿಗೆ ಸ್ಯಾಂಡ್‌ಪೇಪರ್ ಹಿಡಿದನೋ ಇಲ್ಲವೋ, "ಅಯ್ಯೋ, ಅಲ್ಲಿ ಬೇಡ ಅಣ್ಣಾ" ಎಂದು ಅವಳು ಕೈ ಅಡ್ಡ ಇಟ್ಟಳು. ಬಣ್ಣದ ಮೇಲೆ ಮೊಳೆಯಿಂದ ಗೀಚಿದ ಡೊಂಕು ಅಕ್ಷರಗಳು: ಧನ್ಯ. ಮಗಳು ಶಾಲೆಗೆ ಸೇರಿದ ದಿನ ಮಾದನ್ ಅವಳ ಕೈ ಹಿಡಿದು ಬರೆಸಿದ್ದು. ಶಾಂತರಾಜು ಸುತ್ತಲಿನ ತುಕ್ಕನ್ನಷ್ಟೇ ಕೆರೆದ. "ಇನ್ನು ಮಳೆಗೆ ಹೆದರಬೇಡ ತಂಗಿ" ಎನ್ನುತ್ತ ಹೆಸರಿನ ಮೇಲೆ ಬಣ್ಣವಿಲ್ಲದ ಎಪಾಕ್ಸಿಯನ್ನು ತೆಳ್ಳಗೆ ಸವರಿದ. ಆಮೇಲೆ ಅದರ ಮೇಲೆ ಒಂದು ನೊಣವೂ ಕೂರದ ಹಾಗೆ, ಸಂಜೆಯವರೆಗೂ ಟವಲ್ ಬೀಸುತ್ತ ಅಲ್ಲೇ ಕೂತಿದ್ದ.