ಸಂಕಷ್ಟಿ ಉಪವಾಸಕ್ಕೆ ಕಿತ್ತಳೆ ಬಣ್ಣದ ಬಾಟಲಿ

ಗೆಳೆಯರೇ, ಇವತ್ತು ಮುಂಬೈನ ನಮ್ಮ ಮಲಾಡ್ ಮನೆಯಲ್ಲಿ ಶುಗರ್ ನೋಡುವ ಮೆಷಿನ್‌ಗೆ ಬೈಗುಳ ಬಿತ್ತು. ನಮ್ಮತ್ತೆಗೆ ಸಕ್ಕರೆ ಕಾಯಿಲೆ, ಆದರೂ ಸಂಕಷ್ಟಿ ಉಪವಾಸ ಬಿಡುವವರಲ್ಲ. ಸಂಜೆ ನೋಡಿದರೆ ಶುಗರ್ ಮುನ್ನೂರರ ಹತ್ತಿರ!

"ಬೆಳಗ್ಗೆಯಿಂದ ಒಂದಗುಳು ಅನ್ನ ಮುಟ್ಟಿಲ್ಲ ಕಣೇ. ನಿನ್ನ ಮೆಷಿನ್ನೇ ಕೆಟ್ಟಿದೆ" ಎಂದರು.

ಅವರ ಕುರ್ಚಿಯ ಹಿಂದೆ ಕಿತ್ತಳೆ ಬಣ್ಣದ ಕೋಲ್ಡ್‌ಡ್ರಿಂಕ್‌ನ ದೊಡ್ಡ ಬಾಟಲಿ, ಅರ್ಧ ಖಾಲಿ.

"ಇದೇನತ್ತೆ?"

"ಅದ್ರಲ್ಲಿ ಅನ್ನ ಇದ್ಯಾ, ಉಪ್ಪಿದ್ಯಾ? ಪಕ್ಕದ್ಮನೆ ಮರಾಠಿ ಕಾಕೂನೇ ಹೇಳಿದ್ರು, ಉಪವಾಸಾಲಾ ಚಾಲತಂ ಅಂತ."

"ಉಪವಾಸಕ್ಕೆ ನಡೆಯುತ್ತೆ ಅತ್ತೆ, ನಿಮ್ಮ ಶುಗರ್‌ಗೆ ನಡೆಯಲ್ಲ. ಅದು ಬರೀ ಸಕ್ಕರೆ ನೀರು. ನಿಮಗೇನಾದ್ರೂ ಆದ್ರೆ ನಾನು ಯಾರ ಹತ್ರ ಜಗಳ ಆಡ್ಲಿ?"

ಅತ್ತೆ ಕರಗಿದರು. ನನ್ನ ಕೆನ್ನೆ ಸವರಿ, "ಅಷ್ಟಕ್ಕೆಲ್ಲ ಕಣ್ಣಲ್ಲಿ ನೀರಾ? ಗಣಪತಿ ಆಣೆ, ಇನ್ಮೇಲೆ ಉಪವಾಸದಲ್ಲಿ ಅದನ್ನ ಮುಟ್ಟಲ್ಲ" ಎಂದರು. ಉಳಿದರ್ಧವನ್ನು ತಾವೇ ಜೋಪಾನವಾಗಿ ಫ್ರಿಜ್‌ನಲ್ಲಿಟ್ಟರು.

ಚಂದ್ರ ಕಂಡರೆ ಉಪವಾಸ ಮುಗಿಯಿತು. ಈಗ ಇಬ್ಬರೂ ಚಂದ್ರನಿಗೆ ಕಾಯುತ್ತಿದ್ದೇವೆ. ಅತ್ತೆ ಬಾಲ್ಕನಿಯಲ್ಲಿ, ನಾನು ಫ್ರಿಜ್ ಮುಂದೆ.